ಮೇನ್‌ಫ್ರೇಮ್‌ನಲ್ಲಿ ಬಳಕೆದಾರರಿಗೆ ಅನುಮತಿ ಕೊಡುವ ಕ್ರಮ: ರ‍್ಯಾಕ್‌ಎಫ್ ಕಲಿಯುತ್ತಿರುವವರಿಗೊಂದು ಮಾರ್ಗದರ್ಶಿ

ಮಂಗಳೂರಿನ ಕೊಟ್ಟಾರ, ಮುಡಿಪು, ಉಡುಪಿ ಸಮೀಪದ ಮಣಿಪಾಲ ಮೊದಲಾದ ಕಡೆಗಳಲ್ಲಿರುವ ಐಟಿ ಕಚೇರಿಗಳಿಗೆ ಸೇರುವ ಯುವಕ ಯುವತಿಯರಲ್ಲಿ ಕೆಲವರಿಗೆ ಮೇನ್‌ಫ್ರೇಮ್ ಎಂಬ ದೈತ್ಯ ಕಂಪ್ಯೂಟರ್‌ಗಳ ಭದ್ರತೆಯ ತಂಡದಲ್ಲಿ ಕೆಲಸ ಸಿಗುವುದುಂಟು. ಕಾಲೇಜಿನಲ್ಲಿ ಲಿನಕ್ಸ್, ಜಾವಾ, ಕ್ಲೌಡ್ ಕಲಿತು ಬಂದವರಿಗೆ ಹಸಿರು ಅಕ್ಷರಗಳ ಆ ಕಪ್ಪು ಪರದೆ ತೀರಾ ಹೊಸತು. ಆದರೆ ದೊಡ್ಡ ಬ್ಯಾಂಕುಗಳ, ವಿಮಾ ಕಂಪನಿಗಳ ಎಷ್ಟೋ ಮೂಲ ಲೆಕ್ಕಪತ್ರಗಳು ಇಂದಿಗೂ ಆ ಪರದೆಯ ಹಿಂದೆಯೇ ಇವೆ. ತಂಡಕ್ಕೆ ಸೇರಿದವರಿಗೆ ಮೊದಲು ಒಪ್ಪಿಸುವ ಕೆಲಸವೆಂದರೆ ಸಾಮಾನ್ಯವಾಗಿ ಅನುಮತಿ ಕೇಳಿ ಬರುವ ಟಿಕೆಟ್‌ಗಳದ್ದು: ಇಂಥ ಯೂಸರ್ ಐಡಿಗೆ ಇಂಥ ಡೇಟಾಸೆಟ್ (ಮೇನ್‌ಫ್ರೇಮ್‌ನಲ್ಲಿ ಫೈಲ್‌ಗೆ ಇರುವ ಹೆಸರು) ಓದಲು ಅವಕಾಶ ಕೊಡಿ ಎಂಬ ಕೋರಿಕೆ ಬರುತ್ತದೆ, ಒಂದು ಸಾಲಿನ ಕಮಾಂಡ್ ಟೈಪ್ ಮಾಡಿದರೆ ಟಿಕೆಟ್ ಮುಚ್ಚಬಹುದು. ಆ ಒಂದು ಸಾಲನ್ನು ಟೈಪ್ ಮಾಡುವ ಮೊದಲು ತಿಳಿದುಕೊಳ್ಳಬೇಕಾದದ್ದೇ ಹೆಚ್ಚು. ಕೊಟ್ಟ ಅನುಮತಿಯನ್ನು ಯಾವಾಗ, ಹೇಗೆ ಹಿಂದೆ ಪಡೆಯುತ್ತೇವೆ ಎಂಬುದು ಗೊತ್ತಿಲ್ಲದೆ ಅದನ್ನು ಕೊಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದಿನ ಹಂತಗಳೆಲ್ಲ ಆ ನೆಲೆಯಿಂದಲೇ ಬರೆದಂಥವು.

ಐಬಿಎಂ ಮೇನ್‌ಫ್ರೇಮ್‌ಗಳಲ್ಲಿ ಮುಖ್ಯವಾಗಿ ಮೂರು ಭದ್ರತಾ ವ್ಯವಸ್ಥೆಗಳು ಬಳಕೆಯಲ್ಲಿವೆ. ಒಂದು ಐಬಿಎಂ 1976ರಲ್ಲಿ ಹೊರತಂದ ರ‍್ಯಾಕ್‌ಎಫ್. ಉಳಿದೆರಡು ಎಸಿಎಫ್‌2 ಮತ್ತು ಟಾಪ್ ಸೀಕ್ರೆಟ್, ಇವೆರಡೂ ಈಗ ಬ್ರಾಡ್‌ಕಾಮ್ ಕಂಪನಿಯ ಒಡೆತನದಲ್ಲಿವೆ. ಇಲ್ಲಿನ ವಿವರಣೆ ರ‍್ಯಾಕ್‌ಎಫ್ ಕುರಿತದ್ದು. ಕಮಾಂಡ್‌ಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದರೂ ಪರದೆಯ ಮೇಲೆ ಅವನ್ನು ರೋಮನ್ ಲಿಪಿಯಲ್ಲೇ ಟೈಪ್ ಮಾಡಬೇಕು.

ಕೋರಿಕೆಯನ್ನು ಓದುವುದು

ಟಿಕೆಟ್ ತೆರೆದ ಕೂಡಲೇ ನೋಡಬೇಕಾದದ್ದು ನಾಲ್ಕು ಸಂಗತಿ: ಅನುಮತಿ ಯಾರಿಗೆ ಬೇಕು, ಯಾವುದಕ್ಕೆ ಬೇಕು, ಯಾವ ಮಟ್ಟದ್ದು ಬೇಕು, ಎಲ್ಲಿಯ ತನಕ ಬೇಕು. ಇವುಗಳ ಜೊತೆಗೆ ಆ ದತ್ತಾಂಶದ ಮಾಲೀಕರ ಒಪ್ಪಿಗೆ ಇರಬೇಕು. ಕೋರಿಕೆ ಸಲ್ಲಿಸಿದವರ ಮ್ಯಾನೇಜರ್ ಒಪ್ಪಿದ್ದಾರೆ ಎಂದಷ್ಟೇ ಇದ್ದರೆ ಅದು ಸಾಲದು, ಏಕೆಂದರೆ ಮ್ಯಾನೇಜರ್ ಹೇಳಬಲ್ಲದ್ದು ತನ್ನ ಕೈಕೆಳಗಿನವರಿಗೆ ಈ ಕೆಲಸ ಇದೆ ಎಂಬುದನ್ನು ಮಾತ್ರ. ಆ ದತ್ತಾಂಶವನ್ನು ಅವರು ನೋಡಬಹುದೇ ಎಂದು ಹೇಳಬೇಕಾದವರು ಅದರ ಹೊಣೆ ಹೊತ್ತವರು. ಕೆನರಾ ಬ್ಯಾಂಕ್ ಮಂಗಳೂರಿನಲ್ಲೂ ಕಾರ್ಪೊರೇಷನ್ ಬ್ಯಾಂಕ್ ಉಡುಪಿಯಲ್ಲೂ 1906ರಲ್ಲೇ ಹುಟ್ಟಿದ ಈ ಜಿಲ್ಲೆಗಳಲ್ಲಿ, ವೋಚರ್ ಬರೆದವರೇ ಅದನ್ನು ಪಾಸ್ ಮಾಡುವಂತಿಲ್ಲ ಎಂಬ ನಿಯಮವನ್ನು ಹೊಸದಾಗಿ ವಿವರಿಸುವ ಅಗತ್ಯವಿಲ್ಲ. ಎಷ್ಟೋ ಮನೆಗಳಲ್ಲಿ ಅಪ್ಪನೋ ಚಿಕ್ಕಪ್ಪನೋ ಬ್ಯಾಂಕಿನ ಕೌಂಟರಿನಲ್ಲಿ ಅದನ್ನು ಪಾಲಿಸಿದವರೇ ಆಗಿರುತ್ತಾರೆ. ಕೇಳುವವರು, ಒಪ್ಪುವವರು, ಕಮಾಂಡ್ ಕೊಡುವವರು ಮೂವರೂ ಬೇರೆ ಬೇರೆಯಾಗಿರಬೇಕು ಎಂಬುದು ಅದೇ ನಿಯಮ.

ಕೋರಿಕೆಗಳಲ್ಲಿ ಪದೇ ಪದೇ ಕಾಣುವ ಒಂದು ವಾಕ್ಯದ ಬಗ್ಗೆ ವಿಶೇಷ ಎಚ್ಚರ ಬೇಕು: ‘ತಂಡದ ಇಂಥವರಿಗೆ ಇರುವಷ್ಟೇ ಅನುಮತಿಯನ್ನು ಇವರಿಗೂ ಕೊಡಿ’. ಆ ‘ಇಂಥವರು’ ಹತ್ತಾರು ವರ್ಷಗಳಿಂದ ಬೇರೆ ಬೇರೆ ಪ್ರಾಜೆಕ್ಟ್‌ಗಳಲ್ಲಿ ದುಡಿದವರಾದರೆ, ಅಲ್ಲಿಲ್ಲಿ ಸಿಕ್ಕ ಅನುಮತಿಗಳೆಲ್ಲ ಅವರ ಐಡಿಗೆ ಅಂಟಿಕೊಂಡಿರುತ್ತವೆ. ಅವನ್ನು ನಕಲು ಮಾಡಿದರೆ ನಿನ್ನೆ ಮೊನ್ನೆ ಸೇರಿದವರಿಗೆ ಯಾರೂ ಉದ್ದೇಶಿಸದ ಬಾಗಿಲುಗಳು ತೆರೆದುಕೊಳ್ಳುತ್ತವೆ. ಅಂಥ ಟಿಕೆಟ್ ಬಂದರೆ ಬೇಕಾದ ಕೆಲಸವನ್ನು ಬಿಡಿಸಿ ಬರೆದುಕೊಡುವಂತೆ ಕೇಳಿ ಹಿಂದಕ್ಕೆ ಕಳುಹಿಸಿ. ಇದರಿಂದ ಒಂದು ದಿನ ತಡವಾದರೂ ನಷ್ಟವಿಲ್ಲ.

ಯಾವ ಪ್ರೊಫೈಲ್ ಕಾಯುತ್ತಿದೆ ಎಂಬುದನ್ನು ಪತ್ತೆ ಮಾಡುವುದು

ರ‍್ಯಾಕ್‌ಎಫ್ ಪ್ರತಿಯೊಂದು ಡೇಟಾಸೆಟ್‌ಗೂ ಬೇರೆ ಬೇರೆ ಅನುಮತಿ ಪಟ್ಟಿ ಇಟ್ಟುಕೊಳ್ಳಬೇಕಾಗಿಲ್ಲ. ಯಾರಿಗೆ ಯಾವ ಮಟ್ಟದ ಅನುಮತಿ ಎಂದು ಬರೆದಿಟ್ಟ ದಾಖಲೆಯೇ ಪ್ರೊಫೈಲ್; ಹಲವು ಹೆಸರುಗಳಿಗೆ ಒಟ್ಟಿಗೆ ಅನ್ವಯಿಸುವಂಥದ್ದು ಜೆನೆರಿಕ್ ಪ್ರೊಫೈಲ್. ‘ಪ್ರಾಡ್.ಲೋನ್.**’ ಎಂಬಂಥ ಒಂದು ಜೆನೆರಿಕ್ ಪ್ರೊಫೈಲ್ ಇದ್ದರೆ, ‘ಪ್ರಾಡ್.ಲೋನ್’ ಎಂದು ಆರಂಭವಾಗುವ ಡೇಟಾಸೆಟ್‌ಗಳನ್ನೆಲ್ಲ ಅದೇ ಕಾಯುತ್ತದೆ. ಒಂದು ಡೇಟಾಸೆಟ್‌ಗೆ ಹಲವು ಪ್ರೊಫೈಲ್‌ಗಳು ಹೊಂದುವಂತಿದ್ದರೆ ರ‍್ಯಾಕ್‌ಎಫ್ ಅವುಗಳಲ್ಲಿ ಅತ್ಯಂತ ನಿರ್ದಿಷ್ಟವಾದ ಒಂದನ್ನು ಮಾತ್ರ ಆರಿಸಿಕೊಂಡು ಉಳಿದವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಹೀಗಾಗಿ ‘ಪ್ರಾಡ್.ಲೋನ್.ಮಾಸ್ಟರ್.**’ ಎಂಬ ಇನ್ನೊಂದು ಪ್ರೊಫೈಲ್ ಇದ್ದು, ನೀವು ಮೇಲಿನ ಅಗಲ ಪ್ರೊಫೈಲ್‌ಗೆ ಹೆಸರು ಸೇರಿಸಿದರೆ, ಕೇಳಿದವರಿಗೆ ಮಾಸ್ಟರ್ ಫೈಲ್ ಸಿಗುವುದಿಲ್ಲ, ಕೇಳದೇ ಇದ್ದ ನೂರಾರು ಫೈಲ್‌ಗಳು ಸಿಗುತ್ತವೆ.

ಇದನ್ನು ತಪ್ಪಿಸಲು ಲಿಸ್ಟ್‌ಡಿಎಸ್‌ಡಿ (LISTDSD) ಕಮಾಂಡ್‌ಗೆ ಡೇಟಾಸೆಟ್‌ನ ಪೂರ್ಣ ಹೆಸರು ಕೊಟ್ಟು, ಜೊತೆಗೆ ಜೆನೆರಿಕ್ ಮತ್ತು ಆಥ್‌ಯೂಸರ್ ಎಂಬ ಎರಡು ಪದಗಳನ್ನು ಸೇರಿಸಿ. ಆ ಡೇಟಾಸೆಟ್ ಅನ್ನು ನಿಜವಾಗಿ ಕಾಯುತ್ತಿರುವ ಜೆನೆರಿಕ್ ಪ್ರೊಫೈಲ್ ಯಾವುದು, ಅದರ ಪಟ್ಟಿಯಲ್ಲಿ ಯಾರಿದ್ದಾರೆ, ಯುಎಸಿಸಿ (ಪಟ್ಟಿಯಲ್ಲಿ ಇಲ್ಲದವರಿಗೆಲ್ಲ ಸಿಗುವ ಮಟ್ಟ) ಎಷ್ಟಿದೆ ಎಂಬುದೆಲ್ಲ ಪರದೆಯ ಮೇಲೆ ಬರುತ್ತದೆ. ಡೇಟಾಸೆಟ್ ಅಲ್ಲದ ಸಂಪನ್ಮೂಲಗಳಿಗೆ, ಅಂದರೆ ಸಿಐಸಿಎಸ್ ಎಂಬ ಆನ್‌ಲೈನ್ ವ್ಯವಸ್ಥೆಯ ಟ್ರಾನ್ಸಾಕ್ಷನ್, ಜಾಬ್‌ಗಳನ್ನು ನೋಡುವ ಎಸ್‌ಡಿಎಸ್‌ಎಫ್ ಪರದೆ, ಕನ್ಸೋಲ್ ಕಮಾಂಡ್ ಮುಂತಾದವಕ್ಕೆ, ಆರ್‌ಲಿಸ್ಟ್ ಕಮಾಂಡ್ ಬಳಸಿ ಕ್ಲಾಸ್ ಹೆಸರು, ಅಂದರೆ ಸಂಪನ್ಮೂಲದ ವರ್ಗದ ಹೆಸರು, ಸೇರಿಸಬೇಕು.

ಬಳಕೆದಾರರಿಗೆ ಅನುಮತಿ ನಿರಾಕರಣೆಯಾಗಿದ್ದರೆ ಇನ್ನೂ ಒಳ್ಳೆಯ ಸುಳಿವು ಸಿಗುತ್ತದೆ. ಐಸಿಎಚ್‌408ಐ ಎಂಬ ಸಂದೇಶದಲ್ಲಿ ಯೂಸರ್ ಐಡಿ, ಗ್ರೂಪ್, ಸಂಪನ್ಮೂಲದ ಹೆಸರು, ಕ್ಲಾಸ್ ಇವೆಲ್ಲ ಇರುತ್ತವೆ. ಜೆನೆರಿಕ್ ಪ್ರೊಫೈಲ್‌ನಿಂದ ತಡೆಯಾಗಿದ್ದರೆ ‘ಫ್ರಮ್’ ಎಂಬ ಪದದ ಮುಂದೆ ಅದರ ಹೆಸರೂ, ಕೊನೆಯಲ್ಲಿ ಕೇಳಿದ ಮಟ್ಟ ಯಾವುದು, ಇರುವ ಮಟ್ಟ ಯಾವುದು ಎಂಬುದೂ ಕಾಣುತ್ತದೆ. ಆದ್ದರಿಂದ ‘ನನಗೆ ಫೈಲ್ ತೆರೆಯುತ್ತಿಲ್ಲ’ ಎಂದು ಫೋನ್ ಮಾಡುವವರಿಗೆ ಈ ಸಂದೇಶದ ಪೂರ್ಣ ಪಠ್ಯವನ್ನು ಟಿಕೆಟ್‌ಗೆ ಸೇರಿಸಲು ಹೇಳುವುದು ಎಲ್ಲಕ್ಕಿಂತ ಹೆಚ್ಚು ಸಮಯ ಉಳಿಸುವ ಅಭ್ಯಾಸ.

ರ‍್ಯಾಕ್‌ಎಫ್ ನಿರ್ಧರಿಸುವ ರೀತಿ

ಈ ಭಾಗವನ್ನು ನಿಧಾನವಾಗಿ ಓದಿ, ಏಕೆಂದರೆ ಅನುಮತಿಯ ಗೊಂದಲಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ. ಪ್ರೊಫೈಲ್ ಸಿಕ್ಕ ಮೇಲೆ ರ‍್ಯಾಕ್‌ಎಫ್ ಮೊದಲು ಅದರ ಪಟ್ಟಿಯಲ್ಲಿ ಬಳಕೆದಾರರ ಸ್ವಂತ ಐಡಿ ಇದೆಯೇ ಎಂದು ಹುಡುಕುತ್ತದೆ. ಇದ್ದರೆ ಅಲ್ಲಿ ಬರೆದ ಮಟ್ಟವನ್ನೇ ಹಿಡಿಯುತ್ತದೆ. ಅವರು ಸೇರಿರುವ ಗ್ರೂಪ್‌ಗಳಿಗೆ ಏನಿದೆ ಎಂದು ನೋಡುವುದಿಲ್ಲ. ಐಡಿ ಇಲ್ಲದಿದ್ದರೆ ಗ್ರೂಪ್‌ಗಳ ಸರದಿ. ವ್ಯವಸ್ಥೆಯಲ್ಲಿ ಗ್ರೂಪ್‌ಲಿಸ್ಟ್ ಆಯ್ಕೆ ಚಾಲ್ತಿಯಲ್ಲಿದ್ದರೆ ಅವರು ಸೇರಿರುವ ಎಲ್ಲ ಗ್ರೂಪ್‌ಗಳನ್ನೂ ನೋಡಿ ಅತಿ ಹೆಚ್ಚಿನ ಮಟ್ಟವನ್ನು ಕೊಡುತ್ತದೆ. ಇಲ್ಲದಿದ್ದರೆ ಲಾಗಾನ್ ಆದ ಗ್ರೂಪ್ ಒಂದನ್ನೇ ನೋಡುತ್ತದೆ. ಗ್ರೂಪ್ ಕೂಡ ಇಲ್ಲದಿದ್ದರೆ ಎಲ್ಲ ಬಳಕೆದಾರರನ್ನು ಸೂಚಿಸುವ ನಕ್ಷತ್ರ ಚಿಹ್ನೆಯ ನಮೂದು, ಅದೂ ಇಲ್ಲದಿದ್ದರೆ ಯುಎಸಿಸಿ. ಷರತ್ತುಬದ್ಧ ಪಟ್ಟಿ, ಗ್ಲೋಬಲ್ ಟೇಬಲ್, ಆಪರೇಷನ್ಸ್ ಎಂಬ ವಿಶೇಷಾಧಿಕಾರ ಇವು ಬೇರೆಯೇ ಇವೆ; ದಿನನಿತ್ಯದ ಟಿಕೆಟ್‌ಗಳಿಗೆ ಮೇಲಿನ ಅನುಕ್ರಮ ಸಾಕಾಗುತ್ತದೆ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡಬಹುದು. ಸಾಲ ವಿಭಾಗದ ಒಬ್ಬರು ತಮ್ಮ ಗ್ರೂಪ್‌ನ ಮೂಲಕ ಅಪ್‌ಡೇಟ್ ಮಟ್ಟದ ಅನುಮತಿ ಹೊಂದಿದ್ದಾರೆ ಎಂದುಕೊಳ್ಳಿ. ಇದನ್ನು ಗಮನಿಸದ ಯಾರೋ ಬೇರೊಂದು ಟಿಕೆಟ್‌ನ ಮೇರೆಗೆ ಅದೇ ಪ್ರೊಫೈಲ್‌ನಲ್ಲಿ ಅವರ ಐಡಿಗೆ ರೀಡ್ ಕೊಡುತ್ತಾರೆ. ಅನುಮತಿ ಕೊಟ್ಟ ಆ ಕ್ಷಣದಿಂದ ಅವರ ಅಪ್‌ಡೇಟ್ ಹೋಯಿತು. ರಾತ್ರಿ ಅವರ ಐಡಿಯಲ್ಲಿ ಓಡಬೇಕಿದ್ದ ಜಾಬ್, ಅನುಮತಿ ಇಲ್ಲವೆಂದು ಸೂಚಿಸುವ ಎಸ್‌913 ಅಬೆಂಡ್‌ನೊಂದಿಗೆ (ಅರ್ಧಕ್ಕೇ ನಿಂತು) ಬೀಳುತ್ತದೆ, ಮತ್ತು ಅನುಮತಿ ಕೊಟ್ಟದ್ದರಿಂದಲೇ ಅನುಮತಿ ಕಳೆದುಹೋಯಿತು ಎಂಬುದು ಯಾರಿಗೂ ಬೇಗನೆ ಹೊಳೆಯುವುದಿಲ್ಲ.

ಹಾಗಾಗಿ ಅನುಮತಿಯನ್ನು ಗ್ರೂಪ್‌ಗೆ ಕೊಡಿ, ವ್ಯಕ್ತಿಯನ್ನು ಗ್ರೂಪ್‌ಗೆ ಸೇರಿಸಿ. ವ್ಯಕ್ತಿಯ ಐಡಿಯನ್ನು ನೇರವಾಗಿ ಪ್ರೊಫೈಲ್‌ಗೆ ಸೇರಿಸುವುದು ಕಾರಣ ಬರೆದಿಟ್ಟ ಅಪವಾದವಾಗಿರಬೇಕೇ ಹೊರತು ರೂಢಿಯಾಗಬಾರದು. ಗ್ರೂಪ್‌ನ ಹೆಸರು ಕೆಲಸವನ್ನು ಹೇಳುವಂತಿರಲಿ. ಎಂಟು ಅಕ್ಷರಗಳ ಮಿತಿಯಲ್ಲೇ ‘ಲೋನ್‌ರೀಡ್’ ಎಂಬಂಥ ಹೆಸರು ಇಟ್ಟರೆ ಐದು ವರ್ಷದ ಬಳಿಕ ಬರುವ ಆಡಿಟರ್‌ಗೂ ಅದು ಏನೆಂದು ತಿಳಿಯುತ್ತದೆ.

ಮಟ್ಟವನ್ನು ಆರಿಸುವುದು

ನನ್, ಎಕ್ಸಿಕ್ಯೂಟ್, ರೀಡ್, ಅಪ್‌ಡೇಟ್, ಕಂಟ್ರೋಲ್, ಆಲ್ಟರ್ ಎಂಬವು ಕೆಳಗಿನಿಂದ ಮೇಲಕ್ಕೆ ಮಟ್ಟಗಳು. ಇವುಗಳಲ್ಲಿ ರೀಡ್ ಅನ್ನು ಹಗುರವಾಗಿ ಕಾಣುವ ವಾಡಿಕೆ ಅಪಾಯಕಾರಿ. ಓದಬಲ್ಲವರು ನಕಲು ಮಾಡಬಲ್ಲರು, ಮತ್ತು ನಕಲು ಅವರದೇ ಹೆಸರಿನ ಡೇಟಾಸೆಟ್‌ಗೆ ಹೋದ ಮೇಲೆ ಮೂಲ ಪ್ರೊಫೈಲ್‌ನ ಕಾವಲು ಅದಕ್ಕೆ ಅನ್ವಯಿಸುವುದಿಲ್ಲ. ಗ್ರಾಹಕರ ಖಾತೆ, ಕಾರ್ಡ್ ಸಂಖ್ಯೆ, ವೈದ್ಯಕೀಯ ವಿವರಗಳಿರುವ ಫೈಲ್‌ಗಳಲ್ಲಿ ರೀಡ್ ಕೊಡುವಾಗಲೂ ಅಪ್‌ಡೇಟ್ ಕೊಡುವಷ್ಟೇ ಪರಿಶೀಲನೆ ಇರಬೇಕು. ಅಪ್‌ಡೇಟ್ ಇದ್ದವರು ಒಳಗಿನದನ್ನು ಬದಲಿಸಬಹುದು, ಆದರೆ ಡೇಟಾಸೆಟ್ ಅನ್ನು ಅಳಿಸಲು ಅಥವಾ ಹೊಸದಾಗಿ ಸೃಷ್ಟಿಸಲು ಆಲ್ಟರ್ ಬೇಕು. ಡೇಟಾಸೆಟ್‌ಗಳ ಪೈಕಿ ಕಂಟ್ರೋಲ್‌ಗೆ ಅರ್ಥ ಬರುವುದು ವಿಸ್ಯಾಮ್ ಎಂಬ ಬಗೆಯ ಫೈಲ್‌ಗಳಲ್ಲಿ ಮಾತ್ರ. ಉಳಿದ ಡೇಟಾಸೆಟ್‌ಗಳಲ್ಲಿ ಅದು ಅಪ್‌ಡೇಟ್‌ಗೆ ಸಮ. ಡಿಸ್ಕ್ರೀಟ್ ಪ್ರೊಫೈಲ್‌ನಲ್ಲಿ (ಒಂದೇ ಡೇಟಾಸೆಟ್‌ಗೆ ಮೀಸಲಾದದ್ದು) ಆಲ್ಟರ್ ಕೊಟ್ಟರೆ ಪಡೆದವರು ಅದರ ಅನುಮತಿ ಪಟ್ಟಿಯನ್ನೇ ಬದಲಿಸಬಲ್ಲರು ಎಂಬುದು ನೆನಪಿರಲಿ. ಜೆನೆರಿಕ್ ಪ್ರೊಫೈಲ್‌ನಲ್ಲಿ ಆ ಅಧಿಕಾರ ಬರುವುದಿಲ್ಲ.

ಕಮಾಂಡ್‌ಗಳು

ಬಳಕೆದಾರರು ಹೊಸಬರಾದರೆ ಆಡ್‌ಯೂಸರ್ ಕಮಾಂಡ್‌ನಿಂದ ಐಡಿ ಸೃಷ್ಟಿಸಿ ಡೀಫಾಲ್ಟ್ ಗ್ರೂಪ್ ಮತ್ತು ಓನರ್ ಎರಡನ್ನೂ ಸ್ಪಷ್ಟವಾಗಿ ಕೊಡಿ. ಓನರ್ ಬಿಟ್ಟರೆ ಕಮಾಂಡ್ ಕೊಟ್ಟ ನಿಮ್ಮ ಐಡಿಯೇ ಓನರ್ ಆಗಿ ಉಳಿದುಬಿಡುತ್ತದೆ. ಪರದೆಯಿಂದ ಕಮಾಂಡ್ ಕೊಡಲು ಟಿಎಸ್‌ಒ ಬಳಸುವವರಿಗೆ ಐಡಿಯ ದಾಖಲೆಯಲ್ಲಿ ಟಿಎಸ್‌ಒ ಸೆಗ್ಮೆಂಟ್ (ಹೆಚ್ಚುವರಿ ಭಾಗ), ಯುನಿಕ್ಸ್ ಭಾಗ ಬಳಸುವವರಿಗೆ ಒಎಂವಿಎಸ್ ಸೆಗ್ಮೆಂಟ್ ಬೇಕು. ತಾತ್ಕಾಲಿಕ ಪಾಸ್‌ವರ್ಡ್ ಅನ್ನು ಟಿಕೆಟ್‌ನಲ್ಲಿ ಬರೆಯಬೇಡಿ.

ಅನುಮತಿ ಈಗಾಗಲೇ ಇರುವ ಗ್ರೂಪ್‌ಗೆ ಸೇರಿಸಿದರೆ ಸಾಕು ಎಂದಾದರೆ ಕನೆಕ್ಟ್ ಕಮಾಂಡ್ ಒಂದೇ ಸಾಕು: ಕನೆಕ್ಟ್ ಎಂದು ಬರೆದು ಯೂಸರ್ ಐಡಿ, ಬಳಿಕ ಗ್ರೂಪ್ ಎಂಬ ಪದದ ಮುಂದೆ ಆವರಣದಲ್ಲಿ ಗ್ರೂಪ್ ಹೆಸರು, ಅಥಾರಿಟಿ ಎಂಬಲ್ಲಿ ಯೂಸ್. ಗ್ರೂಪ್ ಹೆಸರು ಬರೆಯಲು ಮರೆತರೆ ಕಮಾಂಡ್ ನಿಲ್ಲುವುದಿಲ್ಲ, ಆ ವ್ಯಕ್ತಿಯನ್ನು ನೀವೇ ಆಗ ಲಾಗಾನ್ ಆಗಿರುವ ಗ್ರೂಪ್‌ಗೆ ಸೇರಿಸಿಬಿಡುತ್ತದೆ. ಭದ್ರತಾ ತಂಡದ ಗ್ರೂಪ್‌ಗೆ ಹೊರಗಿನವರು ಸೇರಿಬಿಡುವ ಒಂದು ದಾರಿ ಇದು.

ಗ್ರೂಪ್‌ಗೇ ಇನ್ನೂ ಅನುಮತಿ ಇಲ್ಲದಿದ್ದರೆ ಪರ್ಮಿಟ್ ಕಮಾಂಡ್ ಬೇಕಾಗುತ್ತದೆ. ಅದರಲ್ಲಿ ಪ್ರೊಫೈಲ್ ಹೆಸರು, ಕ್ಲಾಸ್, ಐಡಿ ಎಂಬಲ್ಲಿ ಗ್ರೂಪ್ ಹೆಸರು, ಆಕ್ಸೆಸ್ ಎಂಬಲ್ಲಿ ಮಟ್ಟ ಕೊಡಬೇಕು. ಕ್ಲಾಸ್ ಬರೆಯದಿದ್ದರೆ ಡೇಟಾಸೆಟ್ ಎಂದೂ ಆಕ್ಸೆಸ್ ಬರೆಯದಿದ್ದರೆ ರೀಡ್ ಎಂದೂ ಅದು ತಾನೇ ಊಹಿಸಿಕೊಳ್ಳುತ್ತದೆ, ಆದ್ದರಿಂದ ಎರಡನ್ನೂ ಬರೆದೇ ತೀರುವ ಶಿಸ್ತು ಇರಲಿ. ಪರ್ಮಿಟ್‌ನ ರೀಸೆಟ್ ಎಂಬ ಆಯ್ಕೆ ಪಟ್ಟಿಯನ್ನೇ ಖಾಲಿ ಮಾಡುತ್ತದೆ. ಅದನ್ನು ಪ್ರೊಡಕ್ಷನ್‌ನಲ್ಲಿ ಒಬ್ಬರೇ ಕುಳಿತು ಬಳಸಬಾರದು. ಡಿಲೀಟ್ ಎಂದರೆ ಪಟ್ಟಿಯಿಂದ ಆ ಹೆಸರನ್ನು ತೆಗೆಯುವುದು, ಆಗ ನಿರ್ಧಾರ ಗ್ರೂಪ್‌ಗೋ ಯುಎಸಿಸಿಗೋ ಹೋಗುತ್ತದೆ. ಆಕ್ಸೆಸ್ ನನ್ ಎಂದರೆ ಹೆಸರನ್ನು ಉಳಿಸಿಕೊಂಡು ಬಾಗಿಲು ಮುಚ್ಚುವುದು. ಯಾರನ್ನಾದರೂ ನಿಶ್ಚಿತವಾಗಿ ತಡೆಯಬೇಕಾದಾಗ ಈ ವ್ಯತ್ಯಾಸ ಬಹಳ ಮುಖ್ಯ.

ಹೊಸ ಪ್ರೊಫೈಲ್ ಸೃಷ್ಟಿಸುವ ಸಂದರ್ಭ ಬಂದರೆ ಇನ್ನೊಂದು ಎಚ್ಚರ. ಅಗಲ ಪ್ರೊಫೈಲ್‌ನ ಒಳಗಿದ್ದ ಡೇಟಾಸೆಟ್‌ಗಳಿಗೆ ನಿರ್ದಿಷ್ಟ ಪ್ರೊಫೈಲ್ ಮಾಡಿದ ಕೂಡಲೇ ಹಳೆಯ ಪಟ್ಟಿಯ ಬೆಂಬಲ ಅವಕ್ಕೆ ತಪ್ಪುತ್ತದೆ. ಆಡ್‌ಎಸ್‌ಡಿ ಕಮಾಂಡ್‌ನ ಫ್ರಮ್ ಆಯ್ಕೆಯಿಂದ ಹಳೆಯ ಪ್ರೊಫೈಲ್ ಅನ್ನು ಮಾದರಿಯಾಗಿ ಕೊಟ್ಟು ಪಟ್ಟಿಯನ್ನು ನಕಲಿಸಿಕೊಂಡು, ಆಮೇಲೆ ಬೇಡದವರನ್ನು ತೆಗೆಯುವುದು ಸುರಕ್ಷಿತ. ಯುಎಸಿಸಿಯನ್ನು ನನ್ ಎಂದೇ ಇಡಿ. ಪ್ರೊಫೈಲ್ ಅನ್ನು ವಾರ್ನಿಂಗ್ ಸ್ಥಿತಿಯಲ್ಲಿ ಬಿಟ್ಟಿದ್ದರೆ ಸಂದೇಶ ಮಾತ್ರ ಬರುತ್ತದೆ, ತಡೆ ಇರುವುದಿಲ್ಲ. ಬದಲಾವಣೆಯ ಅವಧಿ ಮುಗಿದ ಮೇಲೆ ಆ ಸ್ಥಿತಿಯನ್ನು ತೆಗೆಯುವ ದಿನವನ್ನು ಮೊದಲೇ ಟಿಕೆಟ್‌ನಲ್ಲಿ ಬರೆದಿಡಿ.

ಕೊಟ್ಟರೂ ಸಿಗಲಿಲ್ಲ ಎಂದಾಗ

ಬಳಕೆದಾರರ ಗ್ರೂಪ್‌ಗಳ ಪಟ್ಟಿ ಲಾಗಾನ್ ಸಮಯದಲ್ಲಿ ಮೆಮೊರಿಗೆ ಬರುತ್ತದೆ. ಹಾಗಾಗಿ ಕನೆಕ್ಟ್ ಮಾಡಿದ ಮೇಲೆ ಅವರು ಲಾಗಾಫ್ ಆಗಿ ಮತ್ತೆ ಲಾಗಾನ್ ಆಗಬೇಕು. ಡೇಟಾಸೆಟ್ ಅಲ್ಲದ ಕ್ಲಾಸ್‌ಗಳಲ್ಲಿ ಪ್ರೊಫೈಲ್‌ಗಳನ್ನು ರ‍್ಯಾಕ್‌ಲಿಸ್ಟ್ ಮಾಡಿ ಮೆಮೊರಿಯಲ್ಲಿ ಇಟ್ಟಿದ್ದರೆ, ಸೆಟ್‌ರಾಪ್ಟ್ಸ್ (SETROPTS) ಕಮಾಂಡ್‌ನಿಂದ ಆ ಕ್ಲಾಸ್‌ಗೆ ರಿಫ್ರೆಶ್ ಕೊಡುವ ತನಕ ಹಳೆಯ ಪಟ್ಟಿಯೇ ನಡೆಯುತ್ತದೆ. ಜೆನೆರಿಕ್ ಡೇಟಾಸೆಟ್ ಪ್ರೊಫೈಲ್‌ಗಳಿಗೂ ಇದೇ ಕಮಾಂಡ್‌ನಲ್ಲಿ ಜೆನೆರಿಕ್ ರಿಫ್ರೆಶ್ ಇದೆ. ಇವೆರಡನ್ನು ಮರೆತು, ‘ಸಿಗುತ್ತಿಲ್ಲ’ ಎಂಬ ದೂರಿಗೆ ರೀಡ್ ಇದ್ದುದನ್ನು ಅಪ್‌ಡೇಟ್, ಅಪ್‌ಡೇಟ್ ಇದ್ದುದನ್ನು ಆಲ್ಟರ್ ಎಂದು ಏರಿಸುತ್ತ ಹೋಗುವುದನ್ನು ಯಾವ ಕಾರಣಕ್ಕೂ ಮಾಡಬೇಡಿ. ರಿಫ್ರೆಶ್ ಆದ ದಿನ ಆ ಏರಿಕೆಯೂ ಜಾರಿಗೆ ಬರುತ್ತದೆ, ಆಗ ಅದನ್ನು ಯಾರೂ ನೆನಪಿಟ್ಟುಕೊಂಡಿರುವುದಿಲ್ಲ.

ಬಳಿಕ ಮತ್ತೊಮ್ಮೆ ಪಟ್ಟಿ ತೆಗೆದು ನೋಡಿ, ಕೊಟ್ಟ ಕಮಾಂಡ್ ಮತ್ತು ಫಲಿತಾಂಶ ಎರಡನ್ನೂ ಟಿಕೆಟ್‌ಗೆ ಅಂಟಿಸಿ. ರ‍್ಯಾಕ್‌ಎಫ್‌ನ ಘಟನೆಗಳು ವ್ಯವಸ್ಥೆಯ ಚಟುವಟಿಕೆಗಳನ್ನು ದಾಖಲಿಸುವ ಎಸ್‌ಎಂಎಫ್‌ನಲ್ಲಿ 80ನೇ ಬಗೆಯ ದಾಖಲೆಗಳಾಗಿ ಉಳಿಯುತ್ತವೆ. ಟಿಕೆಟ್ ಮತ್ತು ದಾಖಲೆ ಒಂದನ್ನೊಂದು ಹೊಂದಿದರೆ ಆಡಿಟ್ ಸಮಯದಲ್ಲಿ ವಿವರಣೆ ಬರೆಯುವ ಕೆಲಸವೇ ಇರುವುದಿಲ್ಲ.

ಅವಧಿ ಮತ್ತು ಗಡಿಯಾರ

ಪರ್ಮಿಟ್ ಕಮಾಂಡ್‌ನಲ್ಲಿ ಮುಕ್ತಾಯದ ದಿನಾಂಕ ಹಾಕುವ ಅವಕಾಶವಿಲ್ಲ. ಕನೆಕ್ಟ್‌ನಲ್ಲಿ ಇದೆ: ರಿವೋಕ್ ಎಂಬ ಪದದ ಮುಂದೆ ದಿನಾಂಕ ಕೊಟ್ಟರೆ ಅಂದಿನಿಂದ ಆ ಗ್ರೂಪ್‌ನ ಬಲ ಅವರಿಗಿರುವುದಿಲ್ಲ. ತಾತ್ಕಾಲಿಕ ಅನುಮತಿಯನ್ನು ಗ್ರೂಪ್‌ನ ಮೂಲಕವೇ ಕೊಡಬೇಕು ಎನ್ನಲು ಇದೂ ಒಂದು ಬಲವಾದ ಕಾರಣ. ಆದರೆ ಆ ದಿನಾಂಕವನ್ನು ಅಮೆರಿಕದ ಕ್ರಮದಲ್ಲಿ, ತಿಂಗಳು ಮೊದಲು ದಿನ ಆಮೇಲೆ ಎಂದು ಬರೆಯಬೇಕು. ಜೂನ್ 5 ಎಂದುಕೊಂಡು ನಮ್ಮ ರೂಢಿಯಂತೆ 05 ಮೊದಲು ಬರೆದರೆ ವ್ಯವಸ್ಥೆ ಅದನ್ನು ಮೇ 6 ಎಂದು ಓದುತ್ತದೆ. ತಾರೀಕು 12ರ ಒಳಗಿದ್ದು, ತಿರುವುಮುರುವಾದ ದಿನಾಂಕವೂ ಮುಂದೆ ಬರುವಂಥದ್ದಾದರೆ ದೋಷದ ಸಂದೇಶವೂ ಬರುವುದಿಲ್ಲ. ಕಮಾಂಡ್ ಕೊಟ್ಟ ಮೇಲೆ ಲಿಸ್ಟ್‌ಯೂಸರ್ ತೆಗೆದು ದಿನಾಂಕ ಹೇಗೆ ದಾಖಲಾಗಿದೆ ಎಂದು ನೋಡುವುದು ಕಡ್ಡಾಯವೆಂದೇ ತಿಳಿಯಿರಿ. ದಿನ ಬದಲಾಗುವುದು ಆ ಯಂತ್ರದ ಗಡಿಯಾರದಲ್ಲಿ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅದು ನ್ಯೂಯಾರ್ಕ್ ಸಮಯದಲ್ಲಿದ್ದರೆ ಮಂಗಳೂರು ಬೇಸಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಮುಂದಿರುತ್ತದೆ.

ಇದೇ ಅಂತರದಿಂದ ಇನ್ನೊಂದು ಒತ್ತಡ ಬರುತ್ತದೆ. ನಮ್ಮಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಪ್ರೊಡಕ್ಷನ್ ಜಾಬ್ ಬಿದ್ದರೆ ಒಪ್ಪಿಗೆ ಕೊಡಬೇಕಾದವರು ಅಲ್ಲಿ ನಿದ್ದೆಯಲ್ಲಿರುತ್ತಾರೆ, ‘ಈಗ ಕೊಟ್ಟುಬಿಡಿ, ಒಪ್ಪಿಗೆ ರಾತ್ರಿ ಬರುತ್ತದೆ’ ಎಂಬ ಮಾತು ಕೇಳಿಬರುತ್ತದೆ. ಅದಕ್ಕೆ ಮಣಿಯದೆ ಇರಬೇಕಾದರೆ ತುರ್ತು ಐಡಿಯ ಏರ್ಪಾಡು ಮೊದಲೇ ಇರಬೇಕು: ಸದಾ ರಿವೋಕ್ ಸ್ಥಿತಿಯಲ್ಲಿರುವ (ಅಂದರೆ ಲಾಗಾನ್ ಆಗಲು ಬಾರದ), ಪಾಳಿಯ ಮುಖ್ಯಸ್ಥರ ಅನುಮತಿಯಿಂದ ಮಾತ್ರ ತೆರೆಯುವ, ಬಳಸಿದಷ್ಟೂ ಹೊತ್ತು ಎಲ್ಲ ಚಟುವಟಿಕೆ ದಾಖಲಾಗುವ, ಕೆಲಸ ಮುಗಿದ ಕೂಡಲೇ ಮುಚ್ಚುವ ಐಡಿ. ಅದು ಇಲ್ಲದ ತಂಡಗಳಲ್ಲಿ ತುರ್ತು ಅನುಮತಿಗಳು ಶಾಶ್ವತವಾಗಿಬಿಡುತ್ತವೆ.

ಸ್ಪೆಷಲ್, ಆಪರೇಷನ್ಸ್, ಆಡಿಟರ್ ಎಂಬ ವಿಶೇಷಾಧಿಕಾರಗಳನ್ನು ಈ ಟಿಕೆಟ್‌ಗಳ ದಾರಿಯಲ್ಲಿ ಕೊಡಲೇಬಾರದು. ಸ್ಪೆಷಲ್ ಇರುವವರು ಯಾವ ಡೇಟಾಸೆಟ್ ಅನ್ನೂ ನೇರವಾಗಿ ತೆರೆಯಲಾರರು, ಆದರೆ ತಮಗೆ ತಾವೇ ಅನುಮತಿ ಬರೆದುಕೊಳ್ಳಬಲ್ಲರು. ವ್ಯವಸ್ಥೆ ನಂಬಿ ವಿಶೇಷ ಅಧಿಕಾರದಿಂದ ಓಡಿಸುವ ಪ್ರೋಗ್ರಾಂಗಳಿರುವ ಎಪಿಎಫ್ ಲೈಬ್ರರಿಗಳಿಗೆ ಅಪ್‌ಡೇಟ್ ಕೇಳುವ ಕೋರಿಕೆಯನ್ನೂ ಇದೇ ಸಾಲಿಗೆ ಸೇರಿಸಿ, ಏಕೆಂದರೆ ಅಲ್ಲಿ ಪ್ರೋಗ್ರಾಂ ಇಡಬಲ್ಲವರಿಗೆ ರ‍್ಯಾಕ್‌ಎಫ್‌ನ ಕಾವಲನ್ನೇ ದಾಟುವ ದಾರಿ ಇರುತ್ತದೆ.

ಎಸಿಎಫ್‌2ನಲ್ಲಿ ಕೆಲಸ ಮಾಡುವವರಿಗೆ ಪ್ರೊಫೈಲ್‌ಗಳ ಬದಲು ರೂಲ್‌ಗಳಿರುತ್ತವೆ, ಬದಲಿಸಿದ ರೂಲ್ ಅನ್ನು ಕಂಪೈಲ್ ಮಾಡಿ ಸ್ಟೋರ್ ಮಾಡಬೇಕು. ಟಾಪ್ ಸೀಕ್ರೆಟ್‌ನಲ್ಲಿ ಬಳಕೆದಾರರನ್ನೂ ಪಾತ್ರಗಳನ್ನೂ ಎಸಿಐಡಿಗಳೆಂದು ಗುರುತಿಸಿ ಟಿಎಸ್‌ಎಸ್ ಪರ್ಮಿಟ್ ಕೊಡುತ್ತಾರೆ. ಇವೆರಡರಲ್ಲೂ ಅನುಮತಿಗೇ ಮುಕ್ತಾಯದ ಅವಧಿ ಹಾಕಬಹುದು, ಇದು ನಿಜಕ್ಕೂ ಅನುಕೂಲ.

ಹಿಂದಕ್ಕೆ ಪಡೆಯುವುದು

ಭಾರತೀಯ ರಿಸರ್ವ್ ಬ್ಯಾಂಕ್ 2023ರ ನವೆಂಬರ್ 7ರಂದು ಹೊರಡಿಸಿದ, 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಐಟಿ ಆಡಳಿತದ ಮಾಸ್ಟರ್ ಡೈರೆಕ್ಷನ್, ಕೆಲಸಕ್ಕೆ ಬೇಕಾದಷ್ಟೇ ಅನುಮತಿ ಎಂಬ ತತ್ವವನ್ನು ಬ್ಯಾಂಕುಗಳ ಮೇಲೆ ವಿಧಿಸಿದೆ. ಕಾರ್ಡ್ ದತ್ತಾಂಶಕ್ಕೆ ಅನ್ವಯಿಸುವ ಪಿಸಿಐ ಡಿಎಸ್‌ಎಸ್ ಎಂಬ ಭದ್ರತಾ ಮಾನದಂಡದ 4ನೇ ಆವೃತ್ತಿ ಕನಿಷ್ಠ ಆರು ತಿಂಗಳಿಗೊಮ್ಮೆ ಬಳಕೆದಾರರ ಅನುಮತಿಗಳ ಮರುಪರಿಶೀಲನೆ ಕೇಳುತ್ತದೆ. ಮರುಪರಿಶೀಲನೆಗೆ ಐಆರ್‌ಆರ್‌ಡಿಬಿಯು00 ಎಂಬ ಯುಟಿಲಿಟಿಯಿಂದ ರ‍್ಯಾಕ್‌ಎಫ್ ಡೇಟಾಬೇಸ್ ಅನ್ನು ಸಾದಾ ಫೈಲ್ ಆಗಿ ತೆಗೆದು, ಗ್ರೂಪ್‌ವಾರು ಪಟ್ಟಿ ಮಾಡಿ ಮಾಲೀಕರಿಗೆ ಕಳುಹಿಸಿ. ಅನುಮತಿಗಳೆಲ್ಲ ಗ್ರೂಪ್ ಮೂಲಕವೇ ಹೋಗಿದ್ದರೆ ಮಾಲೀಕರ ಕೈಗೆ ಬರುವುದು ಓದಿ ಅರ್ಥಮಾಡಿಕೊಳ್ಳಬಹುದಾದ ಒಂದೆರಡು ಪುಟ; ಐಡಿಗಳಿಗೆ ಹಂಚಿದ್ದರೆ ಸಾವಿರಾರು ಸಾಲು, ಅದಕ್ಕೆ ಓದದೆಯೇ ‘ಸರಿ ಇದೆ’ ಎಂಬ ಉತ್ತರ.

ತಂಡ ಬದಲಿಸಿದವರನ್ನು ರಿಮೂವ್ ಕಮಾಂಡ್‌ನಿಂದ ಹಳೆಯ ಗ್ರೂಪ್‌ನಿಂದ ಅದೇ ದಿನ ತೆಗೆಯಿರಿ. ಡೀಫಾಲ್ಟ್ ಗ್ರೂಪ್‌ನಿಂದ ತೆಗೆಯಲು ಆಗುವುದಿಲ್ಲ, ಮೊದಲು ಆಲ್ಟ್‌ಯೂಸರ್‌ನಿಂದ ಡೀಫಾಲ್ಟ್ ಬದಲಿಸಬೇಕು. ಲಾಗಾನ್ ಆಗಿಯೇ ಉಳಿದವರಿಗೆ ಹಳೆಯ ಗ್ರೂಪ್‌ನ ಬಲ ಲಾಗಾಫ್ ಆಗುವ ತನಕ ಉಳಿದಿರುತ್ತದೆ, ಅದನ್ನೂ ಖಚಿತಪಡಿಸಿಕೊಳ್ಳಿ. ಕೆಲಸ ಬಿಟ್ಟವರ ಐಡಿಯನ್ನು ಮೊದಲು ರಿವೋಕ್ ಮಾಡಿ, ಅವರ ಡೇಟಾಸೆಟ್‌ಗಳು, ಅವರ ಐಡಿಯಲ್ಲಿ ಓಡುವ ಜಾಬ್‌ಗಳು ಯಾರಿಗೆ ಹೋಗಬೇಕು ಎಂಬುದು ನಿರ್ಧಾರವಾದ ಮೇಲೆ ಅಳಿಸಿ. ಡೆಲ್‌ಯೂಸರ್ ಕಮಾಂಡ್ ಐಡಿಯನ್ನು ಅಳಿಸುತ್ತದೆಯೇ ಹೊರತು ಪ್ರೊಫೈಲ್‌ಗಳ ಪಟ್ಟಿಗಳಲ್ಲಿ ಉಳಿದ ಅದರ ಹೆಸರನ್ನು ಅಳಿಸುವುದಿಲ್ಲ. ಹೆಸರಿನ ಅಕ್ಷರಗಳಿಂದ ಐಡಿ ಕಟ್ಟುವ ಕಚೇರಿಗಳಲ್ಲಿ, ಶೆಟ್ಟಿ, ಪೈ, ಡಿಸೋಜ ಎಂಬ ಕುಲನಾಮಗಳೇ ತುಂಬಿರುವ ನಮ್ಮ ಕರಾವಳಿಯ ತಂಡಗಳಲ್ಲಿ, ಬಿಟ್ಟು ಹೋದವರ ಐಡಿ ಎರಡು ವರ್ಷದ ಬಳಿಕ ಅದೇ ಅಕ್ಷರಗಳ ಹೊಸಬರಿಗೆ ಸಿಗುವುದು ಅಪರೂಪವೇನಲ್ಲ. ಹಾಗೆ ಸಿಕ್ಕಾಗ ಹಳೆಯ ನಮೂದುಗಳೆಲ್ಲ ಹೊಸಬರಿಗೆ ಜೀವಂತವಾಗುತ್ತವೆ. ಐಆರ್‌ಆರ್‌ಆರ್‌ಐಡಿ00 ಯುಟಿಲಿಟಿ ಇಂಥ ಉಳಿಕೆ ನಮೂದುಗಳನ್ನು ಹುಡುಕಿ, ಅವನ್ನು ತೆಗೆಯಲು ಬೇಕಾದ ಕಮಾಂಡ್‌ಗಳನ್ನು ತಾನೇ ಬರೆದುಕೊಡುತ್ತದೆ. ಆ ಕಮಾಂಡ್‌ಗಳನ್ನು ನೇರವಾಗಿ ಓಡಿಸದೆ ಸಾಲು ಸಾಲಾಗಿ ಓದಿ, ಓನರ್ ಬದಲಿಸಬೇಕಾದ ಕಡೆಗಳಲ್ಲಿ ಸರಿಯಾದ ಗ್ರೂಪ್‌ನ ಹೆಸರು ತುಂಬಿ, ಇನ್ನೊಬ್ಬರಿಂದ ಪರಿಶೀಲಿಸಿಕೊಂಡ ಮೇಲೆಯೇ ಓಡಿಸಿ; ಹಾಗೆ ತೆರವಾದ ಐಡಿಯನ್ನು ಮತ್ತೆ ಯಾರಿಗೂ ಕೊಡದಂತೆ ಐಡಿ ಕೊಡುವ ತಂಡಕ್ಕೆ ಬರೆದು ತಿಳಿಸಿ.